ಕಡತದ ಭಾರವೂ ಚಿತ್ರದ ಕಾಂತಿಯೂ

ನೌಕರಿಯ ಅರ್ಜಿಗೆಂದು ಭಾವಚಿತ್ರವನ್ನು 50 ಕೆಬಿಗೆ ಇಳಿಸಬೇಕಾದವರೂ, ಅಂಕಪಟ್ಟಿ, ಪಹಣಿಗಳನ್ನು ಸ್ಕ್ಯಾನ್ ಮಾಡಿಸಿ ಒಂದೇ ಪಿಡಿಎಫ್ ಆಗಿ ಕಳುಹಿಸಬೇಕಾದವರೂ ಸಮಾನವಾಗಿ ನಂಬಿಕೊಂಡು ಬಂದಿರುವ ಮಾತೊಂದುಂಟು: ಕಡತವು ಕಿರಿದಾದಷ್ಟೂ ಚಿತ್ರವು ಕೆಡುವುದು, ಹಿರಿದಾಗಿದ್ದಷ್ಟೂ ಅಂದವಾಗಿರುವುದು. ಈ ನಂಬಿಕೆ ಪೂರ್ತಿಯಾಗಿ ಸುಳ್ಳಲ್ಲ. ಆದುದರಿಂದಲೇ ಅದನ್ನು ತಿದ್ದುವುದು ಕಷ್ಟ. ಕಡತದ ಗಾತ್ರಕ್ಕೂ ಕಣ್ಣಿಗೆ ತೋರುವ ಗುಣಕ್ಕೂ ಸಂಬಂಧವಿರುವುದು ನಿಜವಾದರೂ, ಕಡತದೊಳಗೆ ಇರುವುದೆಲ್ಲವೂ ಕಣ್ಣಿಗೆ ಕಾಣತಕ್ಕದ್ದಲ್ಲ. ಕಾಣದುದನ್ನು ಬಿಟ್ಟುಕೊಟ್ಟರೆ ನೋಡುವವನಿಗೆ ನಷ್ಟವೂ ಇಲ್ಲ.

ಹಾಗೆ ಕಾಣದುದನ್ನು ಬೇರ್ಪಡಿಸಿ ತೋರುವ ಗಣಿತದ ಮೂಲಪುರುಷರು, 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿಯೇ ಓದಿ, ಮುಂದೆ ಅಮೆರಿಕೆಯ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ನಾಸಿರ್ ಅಹಮದ್ ಅವರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದ ಸಂಗತಿ. 1972ರಲ್ಲಿ ಈ ಕಲ್ಪನೆಯನ್ನು ಬೆಳೆಸಲು ಅವರು ಧನಸಹಾಯವನ್ನು ಬೇಡಿದಾಗ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಕೊಡಲಿಲ್ಲ. ಪರಿಶೀಲಿಸಿದವರೊಬ್ಬರಿಗೆ ಇದು ತೀರ ಸರಳವೆಂದು ತೋರಿತ್ತಂತೆ! ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ಅವರು 1974ರ ಜನವರಿಯಲ್ಲಿ ಪ್ರಕಟಿಸಿದ ಕಿರಿಯ ಪ್ರಬಂಧವೇ, 1992ರಲ್ಲಿ ಸ್ಥಿರಪಟ್ಟ ಜೆಪೆಗ್ ಪದ್ಧತಿಗೆ ತಳಹದಿಯಾಯಿತು. ಈ ಪದ್ಧತಿಯು ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದ 64 ಬೆಲೆಗಳನ್ನು, ಮೆಲ್ಲನೆ ಏರಿಳಿಯುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮವೆಷ್ಟು ಎಂಬ ಲೆಕ್ಕಕ್ಕೆ ಪರಿವರ್ತಿಸುವುದು. ಕೆನ್ನೆಯ ಮೇಲಿನ ಬೆಳಕು, ಆಕಾಶದ ನೀಲಿ ಮೊದಲಾದವು ಕೆಲವೇ ಅಂಕಿಗಳಲ್ಲಿ ಅಡಕವಾಗಿಬಿಡುವುದರಿಂದ, ಉಳಿದ ಸೂಕ್ಷ್ಮಗಳನ್ನು ಸ್ಥೂಲವಾಗಿ ಗಣಿಸಿದರೂ, ಎಷ್ಟೋ ಕಡೆ ಸೊನ್ನೆಯೆಂದೇ ಎಣಿಸಿದರೂ, ನೋಡುವವನಿಗೆ ಗೊತ್ತಾಗದು. ಇದಲ್ಲದೆ, ಮನುಷ್ಯನ ಕಣ್ಣು ಬೆಳಕಿನ ತಾರತಮ್ಯಕ್ಕೆ ಚುರುಕಾಗಿರುವಷ್ಟು ಬಣ್ಣದ ತಾರತಮ್ಯಕ್ಕೆ ಚುರುಕಲ್ಲವಾದುದರಿಂದ, ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸುವುದೂ ವಾಡಿಕೆ.

ಇಷ್ಟು ತಿಳಿದ ಮೇಲೆ, ಜೆಪೆಗ್‌ನಲ್ಲಿ ಗುಣಮಟ್ಟ 85 ಎಂದು ಇಟ್ಟರೆ ಚಿತ್ರದ ನೂರಕ್ಕೆ ಹದಿನೈದು ಪಾಲು ಹಾಳಾಯಿತೆಂಬ ಭೀತಿ ನಿರಾಧಾರವೆಂದು ಬೇರೆ ಹೇಳಬೇಕಾಗಿಲ್ಲ. ಆ ಸಂಖ್ಯೆ ಶೇಕಡವಾರು ಲೆಕ್ಕವಲ್ಲ. ಸ್ಥೂಲಗೊಳಿಸುವ ಕ್ರಿಯೆಯ ಒಂದು ಅಳತೆಗೋಲು ಮಾತ್ರ, ಅದೂ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಸಾಮಾನ್ಯ ಛಾಯಾಚಿತ್ರವನ್ನು 100ರಿಂದ 85ಕ್ಕೆ ಇಳಿಸಿದಾಗ ಕಡತವು ಅರ್ಧಕ್ಕಿಂತಲೂ ಕಡಮೆಯಾಗುವುದುಂಟು. ವ್ಯತ್ಯಾಸವನ್ನು ಕಂಡುಹಿಡಿಯಲು ಮಾತ್ರ ಎರಡನ್ನೂ ಹಿಗ್ಗಿಸಿ ನೋಡಬೇಕು. ಜನರು ಎಡವುವುದು ಬೇರೊಂದು ಕಡೆಯಲ್ಲಿ: ಮೊಬೈಲಿನಲ್ಲಿ ತೆಗೆದ 4000 × 3000 ಪಿಕ್ಸೆಲಿನ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು, ಗುಣಮಟ್ಟವನ್ನು ಮಾತ್ರ ಹತ್ತಕ್ಕೋ ಐದಕ್ಕೋ ಇಳಿಸಿ, ಮುಖವೆಲ್ಲ ಚೌಕಚೌಕವಾದ ಬಳಿಕ ಕಡತವನ್ನು ಶಪಿಸುವರು. ಅರ್ಜಿಯ ಚೌಕಟ್ಟಿಗೆ ಇನ್ನೂರು ಮುನ್ನೂರು ಪಿಕ್ಸೆಲ್ ಅಗಲವೇ ಸಾಕಾಗಿರುವಾಗ ಮೊದಲು ಅಳತೆಯನ್ನು ತಗ್ಗಿಸತಕ್ಕದ್ದು. ಉದ್ದಗಲಗಳೆರಡನ್ನೂ ಅರ್ಧ ಮಾಡಿದರೆ ಪಿಕ್ಸೆಲುಗಳು ಕಾಲುಭಾಗವಾಗುವುವು. ಮೂಲಪ್ರತಿಯನ್ನು ಮಾತ್ರ ಬೇರೆಯಾಗಿ ಕಾಪಾಡಿಕೊಳ್ಳಬೇಕು, ಏಕೆಂದರೆ ಕಳೆದ ಪಿಕ್ಸೆಲುಗಳು ಹಿಗ್ಗಿಸಿದರೆ ಮರಳಿ ಬಾರವು. ಜೆಪೆಗ್ ಚಿತ್ರವನ್ನು ಪಿಎನ್‌ಜಿಗೆ ಪರಿವರ್ತಿಸಿದರೂ ಕಡತ ಉಬ್ಬುವುದೇ ಹೊರತು ಕಾಂತಿ ಹಿಂದಿರುಗದು.

ಜೆಪೆಗ್ ಚಿತ್ರವನ್ನು ತೆರೆದು ನೋಡಿದಷ್ಟು ಸಲವೂ ಅದು ಸವೆಯುವುದೆಂದು ಹೇಳುವವರಿದ್ದಾರೆ. ನೋಡುವುದರಿಂದಲೂ ನಕಲು ಮಾಡುವುದರಿಂದಲೂ ಏನೂ ಸವೆಯದು. ತಿದ್ದಿ ಮತ್ತೆ ಉಳಿಸಿದಾಗ ಮಾತ್ರ ಸವೆತ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದುದು ಸಂಕೋಚನಕ್ಕೆ ಒಳಗಾಗುವುದು, ಡಾಕ್ಯುಮೆಂಟ್ ಆಗಿ ಕಳುಹಿಸಿದುದು ಇದ್ದಂತೆಯೇ ತಲುಪುವುದು. ಜಿಪ್ ಮಾಡಿದರೆ ಹಗುರಾಗುವುದೆಂಬ ಆಸೆಯೂ ವ್ಯರ್ಥ: ಜೆಪೆಗ್ ಆಗಲೇ ಹಿಂಡಿದ ಕಬ್ಬು.

ಛಾಯಾಚಿತ್ರಕ್ಕೆ ಒಪ್ಪಿದ ನೀತಿ ಬರಹಕ್ಕೆ ಒಪ್ಪದು. ಬಿಳಿಯ ಹಾಳೆಯ ಮೇಲಿನ ಕಪ್ಪು ಅಕ್ಷರವೆಂದರೆ ಥಟ್ಟನೆ ಬದಲಾಗುವ ಅಂಚುಗಳೇ. ಜೆಪೆಗ್ ತ್ಯಜಿಸಬಯಸುವುದೂ ಅಂಥ ಸೂಕ್ಷ್ಮವನ್ನೇ. ಆದಕಾರಣ ಒತ್ತಕ್ಷರಗಳ ಸುತ್ತ ಬೂದುಬಣ್ಣದ ಕಲೆಗಳು ಏಳುವುವು. ಪರದೆಯ ಸ್ಕ್ರೀನ್‌ಶಾಟಿಗೆ, ಏನನ್ನೂ ಬಿಡದೆ ಅಡಕಗೊಳಿಸುವ ಪಿಎನ್‌ಜಿಯೇ ಲೇಸು. ಅನೇಕ ವೇಳೆ ಅದೇ ಕಿರಿದಾಗಿಯೂ ಇರುವುದು. ಸ್ಕ್ಯಾನಿನ ವಿಷಯದಲ್ಲಿ ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಬಲವಾಗಿದೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಗ್ರಹಿಸಿದರೆ 2480 × 3508, ಎಂದರೆ ಸುಮಾರು 87 ಲಕ್ಷ ಪಿಕ್ಸೆಲ್. 600ಕ್ಕೆ ಏರಿಸಿದರೆ ಅದರ ನಾಲ್ಮಡಿ. ಆದರೆ ಅಚ್ಚಾದ ಪುಟವನ್ನು ಓದಲು 300 ಸಾಕು. ಭಾರವು ಬಣ್ಣದ ಆಯ್ಕೆಯ ಮೇಲೂ ನಿಂತಿರುವುದು. ಅದೇ ಹಾಳೆ ಸಂಕೋಚನಕ್ಕೆ ಮುನ್ನ ಬಣ್ಣದಲ್ಲಿ ಸುಮಾರು 26 ಎಂಬಿ. ಬೂದುಛಾಯೆಯಲ್ಲಿ ಅದರ ಮೂರನೆಯ ಒಂದು ಪಾಲು. ಬರಿಯ ಕಪ್ಪುಬಿಳುಪಿನಲ್ಲಿ ಒಂದು ಎಂಬಿಗಿಂತ ತುಸು ಹೆಚ್ಚು. ಈ ಕಡೆಯದನ್ನು, ಫ್ಯಾಕ್ಸ್ ಯಂತ್ರಗಳಿಗಾಗಿ ಹುಟ್ಟಿದ ಕ್ರಮವೊಂದು, ಒಂದು ಚುಕ್ಕೆಯನ್ನೂ ಬಿಡದೆ, ಕೆಲವು ಹತ್ತು ಕೆಬಿಗಳಿಗೆ ಇಳಿಸಬಲ್ಲುದು. ನೀಲಿ ಶಾಯಿಯ ರುಜುವೂ ಮಾಸಿದ ಮೊಹರೂ ಇರುವ ಪತ್ರಕ್ಕೆ ಮಾತ್ರ ಬಣ್ಣವನ್ನೋ ಬೂದುಛಾಯೆಯನ್ನೋ ಬಿಡಬಾರದು.

ಮಸುಕಾಗದಿದ್ದರೆ ಸಾಕು, ಕೆಟ್ಟಿಲ್ಲವೆಂದು ತಿಳಿಯುವುದು ಎಲ್ಲಕ್ಕಿಂತ ಅಪಾಯಕರವಾದ ಭ್ರಮೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸಲ್ ಎಂಬ ಗಣಕವಿಜ್ಞಾನಿಯು, ಝೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳು ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡುವಾಗ ಬೇರೆ ಬೇರೆ ಅಳತೆಯ ಕೊಠಡಿಗಳಿಗೆ ಒಂದೇ ವಿಸ್ತೀರ್ಣವನ್ನು ಬರೆದುದನ್ನು ಬಯಲಿಗೆ ತಂದನು. ಒಂದನ್ನೊಂದು ಹೋಲುವ ಆಕೃತಿಗಳಿಗೆಲ್ಲ ಒಂದೇ ಪಡಿಯಚ್ಚನ್ನು ಬಳಸಿ ಗಾತ್ರವನ್ನು ಉಳಿಸುವ ಜೆಬಿಗ್2 ಎಂಬ ಪದ್ಧತಿಯು, 6 ಇದ್ದಲ್ಲಿ 8 ಅನ್ನು ಅಚ್ಚುಕಟ್ಟಾಗಿ ಕೂರಿಸಿತ್ತು. ಮಸುಕು ತನ್ನ ದೋಷವನ್ನು ತಾನೇ ಸಾರುವುದು. ಸ್ಫುಟವಾದ ತಪ್ಪು ಅಂಕಿಯು ಹಾಗೆ ಸಾರದು. ಸರ್ವೆ ನಂಬರು, ಖಾತೆ ಸಂಖ್ಯೆಗಳುಳ್ಳ ಪತ್ರವನ್ನು ಕುಗ್ಗಿಸಿದವನು ಅಂಕಿಗಳನ್ನು ಮೂಲದೊಡನೆ ಒಮ್ಮೆ ತಾಳೆನೋಡುವುದು ವಿಹಿತ.

ಪಿಡಿಎಫ್ ಎಂದರೆ ಹಗುರಾದ ಕಡತವೆಂಬ ಎಣಿಕೆಯೂ ಸಡಿಲವಾದುದು. ಅದು ಒಂದು ಹೊದಿಕೆ. ಒಳಗೆ ಅಕ್ಷರಗಳಿದ್ದರೆ ಹಗುರು, ಪುಟಗಳ ಭಾರಿ ಚಿತ್ರಗಳಿದ್ದರೆ ಭಾರ. ಗಣಕದಲ್ಲಿ ಬೆರಳಚ್ಚಿಸಿದ ಪತ್ರವನ್ನು ಮುದ್ರಿಸಿ, ಮರಳಿ ಸ್ಕ್ಯಾನ್ ಮಾಡಿ ಕಳುಹಿಸುವ ಪದ್ಧತಿ ಹಲವು ಕಚೇರಿಗಳಲ್ಲಿ ಉಂಟು. ನೇರವಾಗಿ ಪಿಡಿಎಫ್ ಆಗಿ ಉಳಿಸಿದ್ದರೆ ಅಕ್ಷರಗಳು ಅಕ್ಷರಗಳಾಗಿಯೇ ಉಳಿದು, ಎಷ್ಟು ಹಿಗ್ಗಿಸಿದರೂ ಮಸುಕಾಗದೆ, ಹುಡುಕಿದರೆ ಸಿಗುತ್ತಲೂ ಇದ್ದುವು. ವರ್ಡ್ ಕಡತದಲ್ಲಿ ಚಿತ್ರದ ಮೂಲೆಯನ್ನು ಹಿಡಿದೆಳೆದು ಕಿರಿದು ಮಾಡಿದರೆ ಕಿರಿದಾಗುವುದು ತೋರಿಕೆ ಮಾತ್ರ. ಕತ್ತರಿಸಿ ಹಾಕಿದೆವೆಂದುಕೊಂಡ ಭಾಗವೂ ಸಾಮಾನ್ಯವಾಗಿ ಒಳಗೆಯೇ ಅಡಗಿರುವುದು. ಚಿತ್ರಗಳನ್ನು ಸಂಕೋಚಿಸುವ ಆಜ್ಞೆಯನ್ನು ಕೊಟ್ಟು, ಕತ್ತರಿಸಿದ ಭಾಗಗಳನ್ನು ಅಳಿಸುವಂತೆ ಅಲ್ಲಿ ಗುರುತುಹಾಕದ ಹೊರತು, ಅದು ಭಾರವಾಗಿಯೂ ಉಳಿಯುವುದು, ಕಡತವನ್ನು ಪಡೆದವರು ಬಯಸಿದರೆ ತೆರೆದು ನೋಡುವಂತೆಯೂ ಇರುವುದು.