ಬಹುಕಾಲದ ನೋವು: ಯಾರಲ್ಲಿಗೆ ಹೋಗಬೇಕು?

ಮಂಡಿ, ಸೊಂಟ, ಕತ್ತು ನೋವೆಂದು ನಮ್ಮಲ್ಲಿಗೆ ಬರುವವರು ನಾಡಿ ಹಿಡಿಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುತ್ತದೆಯೇ? ಹೊಳಲ್ಕೆರೆಯ ಅಡಿಕೆ ತೋಟದವರೂ ಹೊಸದುರ್ಗದ ತೆಂಗಿನ ತೋಟದವರೂ ಹಿರಿಯೂರಿನ ಈರುಳ್ಳಿ ಬೆಳೆಗಾರರೂ ಚಿತ್ರದುರ್ಗದ ನಿವೃತ್ತ ಶಿಕ್ಷಕರೂ ಇದನ್ನೇ ಕೇಳುತ್ತಾರೆ. ಬಹುಪಾಲು ಮಂದಿಗೆ ಗುಣವಾಗುತ್ತದೆ, ಇಲ್ಲವೇ ನಿತ್ಯದ ಕಾಯಕಕ್ಕೆ ಅಡ್ಡಿಯಾಗದಷ್ಟು ತಗ್ಗುತ್ತದೆ. ಆದರೆ ಆ ಮಾತು ಹೇಳುವ ಮುನ್ನ ನೋವು ಯಾವುದೆಂದು ತಿಳಿಯಬೇಕು. ಮೂಲ ತಿಳಿಯದೆ ಹಚ್ಚಿದ ಎಣ್ಣೆಯೂ ನುಂಗಿದ ಮಾತ್ರೆಯೂ ಚುಚ್ಚಿಸಿಕೊಂಡ ಸೂಜಿಯೂ ಕಾಲಹರಣವೇ.

ಮೂರು ತಿಂಗಳು ಮೀರಿ ಉಳಿದ ಅಥವಾ ಮರುಕಳಿಸುವ ನೋವನ್ನು ಆಧುನಿಕ ವೈದ್ಯಶಾಸ್ತ್ರ ದೀರ್ಘಕಾಲದ ನೋವೆಂದು ಕರೆಯುತ್ತದೆ. ನಮ್ಮ ಜನ ಎಲ್ಲಕ್ಕೂ ‘ವಾಯು’ ಎಂಬ ಒಂದೇ ಮಾತು ಹೇಳಿಬಿಡುತ್ತಾರೆ. ಚರಕಾಚಾರ್ಯರಿಗೆ ಒಂದು ಮಾತು ಸಾಕಾಗಲಿಲ್ಲ. ಅವರು ಎಂಬತ್ತು ವಾತವಿಕಾರಗಳನ್ನು ಹೆಸರಿಸಿದ್ದಾರೆ. ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ಗೃಧ್ರಸೀ ಬೇರೆ, ಸವೆದ ಮಂಡಿಯ ಸಂಧಿಗತವಾತ ಬೇರೆ, ಹೆಬ್ಬೆರಳ ಬುಡ ಕೆಂಪಾಗಿ ಉರಿಯುವ ವಾತರಕ್ತ ಬೇರೆ. ಮಾಧವನಿದಾನ ವಿವರಿಸುವ ಆಮವಾತದಲ್ಲಿ ಕೀಲುಗಳು ಊದಿ ಬಿಗಿದುಕೊಳ್ಳುತ್ತವೆ. ಅಂಥವರಿಗೆ ಎಣ್ಣೆ ತಿಕ್ಕಿ ನೀವಿದರೆ ನೋವು ಹೆಚ್ಚುತ್ತದೆ. ಶಾಸ್ತ್ರ ವಿಧಿಸುವುದು ಬಿಸಿ ಮರಳಿನ ಗಂಟಿನ ಒಣ ಶಾಖವನ್ನು. ಪಕ್ಕದ ಮನೆಯವರಿಗೆ ಹಿತವಾದ ತೈಲ ನಮಗೂ ಹಿತವೆಂಬ ನಂಬಿಕೆಯಿಂದ ಆಗುವ ಕೇಡು ಇಷ್ಟಿಷ್ಟಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಮೂಲವಿದೆ: ನೀರು. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ನೆಲದಡಿಯ ಬಂಡೆಯಲ್ಲಿರುವ ಈ ಅಂಶ ನೀರಿನಲ್ಲಿ ಕರಗಿ ಬರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರುತ್ತದೆ, ಅಸ್ಥಿಬಂಧಗಳು ಗಡುಸಾಗುತ್ತವೆ, ಬೆನ್ನು ಹಲಗೆಯಂತಾಗುತ್ತದೆ. ಭಾರತದಲ್ಲಿ ಈ ರೋಗ ಮೊದಲು ವೈದ್ಯಲೋಕದ ಗಮನಕ್ಕೆ ಬಂದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಇಷ್ಟು ವರ್ಷಗಳಾದರೂ ನಮ್ಮ ಹಳ್ಳಿಗಳಲ್ಲಿ ನಲವತ್ತರ ಪ್ರಾಯದವರ ಬೆನ್ನುಬಿಗಿತವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವವರೇ ಹೆಚ್ಚು.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿಕೊಳ್ಳಬಹುದು. ನೆಲದ ಮೇಲೊಂದು ನಾಣ್ಯವಿಟ್ಟು ಮಂಡಿ ಮಡಚದೆ ಬಗ್ಗಿ ಎತ್ತಬೇಕು. ಗದ್ದವನ್ನು ಎದೆಗೆ ತಾಗಿಸಬೇಕು. ಎರಡೂ ಕೈಗಳನ್ನು ತಲೆಯ ಹಿಂದೆ ಜೋಡಿಸಬೇಕು. ಇವು ಆಗದಿದ್ದರೆ ಫ್ಲೋರೋಸಿಸ್ ಎಂದೇ ತೀರ್ಮಾನವಲ್ಲ. ಬೇರೆ ಕಾರಣಗಳೂ ಉಂಟು. ಆದರೆ ಅದೇ ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆಗಳಿದ್ದರೆ ಶಂಕೆ ಬಲವಾಗುತ್ತದೆ. ಆಗ ಮುಂದೋಳು ಮತ್ತು ಬೆನ್ನಿನ ಎಕ್ಸರೇ, ಮೂತ್ರದಲ್ಲಿ ಫ್ಲೋರೈಡಿನ ಪ್ರಮಾಣ, ಕುಡಿಯುವ ನೀರಿನ ಪರೀಕ್ಷೆ ಇವನ್ನು ಮಾಡಿಸಬೇಕು. 2008–09ರಿಂದ ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು.

ಮೂಳೆಗೆ ಸೇರಿದ್ದನ್ನು ತೊಳೆದು ತೆಗೆಯುವ ಔಷಧ ಅಲೋಪತಿಯಲ್ಲಿಲ್ಲ, ನಮ್ಮ ಆಯುರ್ವೇದದಲ್ಲೂ ಇಲ್ಲ. ಇದೆಯೆಂದು ಹೇಳಿ ಹಣ ಕೀಳುವವರನ್ನು ನಂಬಬಾರದು. ನೀರು ಬದಲಿಸಿ, ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿಗಳನ್ನು ಆಹಾರದಲ್ಲಿ ಹೆಚ್ಚಿಸಿದರೆ ರೋಗ ಮುಂದುವರಿಯುವುದು ತಗ್ಗುತ್ತದೆ. ಇಲ್ಲಿ ಎರಡು ತಪ್ಪು ಗ್ರಹಿಕೆಗಳಿವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವ ಎಷ್ಟೋ ಮನೆಗಳಲ್ಲಿ ಮುದ್ದೆಗೂ ಸಾರಿಗೂ ಕೊಳವೆಬಾವಿಯ ನೀರೇ. ಅಡುಗೆಯ ನೀರೂ ಹೊಟ್ಟೆಗೇ ಹೋಗುವುದಲ್ಲವೇ?

ನೋವು ತಾಳಲಾರದವರು ಮೊದಲು ಹೋಗುವುದು ಔಷಧದಂಗಡಿಗೆ. ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್ ಮಾತ್ರೆಗಳನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ ಮತ್ತು ಜಠರ ಕೆಡುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅಪಾಯ ಮತ್ತೂ ಹೆಚ್ಚು. ಇನ್ನು ಕೆಲವರು ಹೆಸರಿಲ್ಲದ ಪೊಟ್ಟಣದ ಪುಡಿ ತರುತ್ತಾರೆ. ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ಅದು ಮಾರಾಟವಾಗುವುದರಿಂದ ನಾವೇ ಹೇಳಬೇಕಾಗಿದೆ: ವರ್ಷಗಳ ನೋವು ಒಂದೇ ದಿನದಲ್ಲಿ ಮಾಯವಾದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಪೊಳ್ಳಾಗುವುದು ಅದರ ಫಲ. ಅಂಥದ್ದನ್ನು ಬಹುದಿನ ಸೇವಿಸಿದವರು ತಾವಾಗಿ ಥಟ್ಟನೆ ನಿಲ್ಲಿಸಬಾರದು. ಅದೂ ಪ್ರಾಣಕ್ಕೆ ಎರವಾಗಬಹುದು. ಪೊಟ್ಟಣ ಸಮೇತ ವೈದ್ಯರ ಬಳಿಗೆ ಹೋಗಬೇಕು.

ಹಾಗಾದರೆ ಯಾರಲ್ಲಿಗೆ? ಮುಂಜಾನೆ ಅರ್ಧ ಗಂಟೆಗೂ ಮಿಕ್ಕಿ ಕೀಲು ಬಿಗಿದಿದ್ದು ಓಡಾಡಿದಂತೆ ಸಡಿಲವಾಗುವುದಾದರೆ ಸಂಧಿವಾತ ತಜ್ಞರು, ಅಂದರೆ ರುಮಟಾಲಜಿಸ್ಟ್. ಬೆರಳುಗಳು ಸೊಟ್ಟಗಾಗುವ ಮುನ್ನವೇ ಅವರನ್ನು ಕಂಡರೆ ಕೀಲು ಉಳಿಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಅವರು ಸಿಗದಿದ್ದರೆ ದಾವಣಗೆರೆಗೋ ಬೆಂಗಳೂರಿಗೋ ಹೋಗುವ ಶ್ರಮ ವ್ಯರ್ಥವಲ್ಲ. ಸವೆದ ಮಂಡಿಗೆ ಮೂಳೆ ತಜ್ಞರು ಮತ್ತು ಫಿಸಿಯೋಥೆರಪಿ. ಮೂಲ ತಿಳಿದ ಮೇಲೂ ನೋವು ಬಗ್ಗದಿದ್ದರೆ ನೋವು ನಿವಾರಣಾ ತಜ್ಞರಿದ್ದಾರೆ. ಇವರಲ್ಲಿ ಬಹುತೇಕರು ಅರಿವಳಿಕೆ ಶಾಸ್ತ್ರ ಕಲಿತವರು. ಈ ಶಾಖೆಗೆ ಬುನಾದಿ ಹಾಕಿದ ಅಮೆರಿಕದ ಜಾನ್ ಬೊನಿಕಾ ಓದಿನ ಖರ್ಚಿಗಾಗಿ ಕುಸ್ತಿಯಾಡಿದವರು. ಆ ಪೆಟ್ಟುಗಳ ನೋವನ್ನು ತಾವೇ ಬಾಳೆಲ್ಲ ಉಂಡವರು. ನೋವಿನ ಚಿಕಿತ್ಸೆ ಕುರಿತ ಅವರ ಮಹಾಗ್ರಂಥ 1953ರಲ್ಲಿ ಹೊರಬಂದಿತು. ಈ ತಜ್ಞರು ನರದ ಬಳಿ ಔಷಧ ಚುಚ್ಚುತ್ತಾರೆ, ಇಲ್ಲವೇ ರೇಡಿಯೋ ತರಂಗದ ಶಾಖದಿಂದ ನೋವಿನ ನರವನ್ನು ಮಂಕಾಗಿಸುತ್ತಾರೆ. ಪರಿಹಾರ ಕೆಲವು ವಾರಗಳಿಂದ ಕೆಲವು ತಿಂಗಳು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿ ಸ್ನಾಯುಗಳನ್ನು ಬಲಪಡಿಸಿಕೊಂಡವರಿಗೇ ಲಾಭ.

ಎಂ.ಆರ್.ಐ. ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂಬ ಸಾಲು ಕಂಡು ಎದೆಗುಂದಬೇಡಿ. ಯಾವ ನೋವೂ ಇಲ್ಲದ ಐವತ್ತರ ವಯಸ್ಸಿನವರನ್ನು ಪರೀಕ್ಷಿಸಿದರೂ ನೂರಕ್ಕೆ ಸುಮಾರು 60 ಮಂದಿಯಲ್ಲಿ ಅದು ಕಾಣುತ್ತದೆ. ಗೃಧ್ರಸೀ ಬಹುತೇಕರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ. ಕಟಿಬಸ್ತಿ, ಜಾನುಬಸ್ತಿ, ಎಕ್ಕ–ಲಕ್ಕಿ–ಹರಳೆಲೆಗಳ ಪತ್ರಪಿಂಡ ಸ್ವೇದ ಇಂಥಲ್ಲಿ ಹಿತಕಾರಿ. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ನಾಲ್ಕು ಕಿಲೋ ತಗ್ಗುತ್ತದೆ. ಮಂಡಿ ಸವೆದ ಹಿರಿಯರು ಚಕ್ಕಳಮಕ್ಕಳ ಹಾಕಿ ಕುಳಿತೇ ಇಷ್ಟಲಿಂಗ ಪೂಜೆ ಮಾಡಬೇಕೆಂದು ಹಟ ಹಿಡಿಯುತ್ತಾರೆ. ಬೆನ್ನು ನೇರವಾಗಿಟ್ಟು ಕುರ್ಚಿಯ ಮೇಲೆ ಕುಳಿತು ಮಾಡಿದರೂ ಪೂಜೆಗೆ ಕೊರತೆಯಿಲ್ಲ, ಲಿಂಗವಿರುವುದು ಅಂಗೈಯಲ್ಲಿ.

ಆದರೆ ಶಸ್ತ್ರಚಿಕಿತ್ಸೆಯ ಭಯದಿಂದ ತಡಮಾಡಬಾರದ ಸಂದರ್ಭಗಳಿವೆ. ಕಾಲು ಬಲಹೀನವಾಗುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು, ಕೂರುವ ಜಾಗ ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿ ಅಥವಾ ಅದರ ನರಗಳು ಒತ್ತಿದ ಲಕ್ಷಣ. ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಜ್ವರ, ತೂಕ ಇಳಿತ, ರಾತ್ರಿ ಏಳಿಸುವ ನೋವು ಇದ್ದರೆ ಕ್ಷಯವೋ ಗಡ್ಡೆಯೋ ಎಂದು ನೋಡಬೇಕು. ಫ್ಲೋರೈಡಿನಿಂದ ಬಿಗಿದ ಬೆನ್ನನ್ನು ನೀವಿ ‘ಲಟಕ್’ ಎನ್ನಿಸುವವರ ಕೈಗೆ ಎಂದೂ ಕೊಡಬಾರದು.

ತಜ್ಞರಲ್ಲಿಗೆ ಹೋಗುವಾಗ ಈವರೆಗೆ ತೆಗೆದುಕೊಂಡ ಎಲ್ಲ ಔಷಧಗಳನ್ನೂ, ನಾಟಿ ಮದ್ದನ್ನೂ ಮರೆಮಾಚದೆ, ಒಂದು ಚೀಲದಲ್ಲಿ ಒಯ್ಯಿರಿ. ಹಳೆಯ ಎಕ್ಸರೇಗಳಿರಲಿ, ರಕ್ತದ ಕ್ರಿಯಾಟಿನಿನ್ ವರದಿ ಇರಲಿ. ಹಿಂದಿನ ದಿನವೇ ಮನೆಯ ಅಡುಗೆ ನೀರನ್ನು ಗಾಜಿನ ಬಾಟಲಿಯಲ್ಲಲ್ಲ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಊರು ಮತ್ತು ಕೊಳವೆಬಾವಿಯ ಗುರುತು ಬರೆದು, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಬನ್ನಿ.