ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಸ್ವಯಂಸೇವೆ: ಕಾಮೋಠೆಯನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ಕರ್ನಾಟಕದ ಹೊರಗೆ ನೆಲೆಸಿ ಕನ್ನಡದಲ್ಲಿ ಸಂಶೋಧನೆ ನಡೆಸುವವರು ಬಹುಕಾಲದಿಂದ ಒಂದು ತೊಡಕನ್ನು ಎದುರಿಸುತ್ತ ಬಂದಿದ್ದಾರೆ. ತಮಗೆ ಬೇಕಾದ ಗ್ರಂಥ ತಮ್ಮ ಊರಿನಲ್ಲಿಯೇ, ಕೆಲವೊಮ್ಮೆ ತಮ್ಮ ಬೀದಿಯಲ್ಲಿಯೇ ಇದ್ದರೂ ಅದು ಅಲ್ಲಿದೆಯೆಂದು ತಿಳಿಸುವ ಸೂಚಿ ಯಾವುದೂ ಇರುವುದಿಲ್ಲ. ಗ್ರಂಥವಿದೆ, ಅದರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಈ ಕೊರತೆಯನ್ನು ತುಂಬುವಲ್ಲಿ ಸ್ವಯಂಸೇವಕರ ಪಾತ್ರವೇನು, ಅವರಿಂದ ವಿಶ್ವವಿದ್ಯಾಲಯದ ಗ್ರಂಥಾಲಯ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ. ಉದಾಹರಣೆಗಾಗಿ ನವಿಮುಂಬಯಿಯ ಕಾಮೋಠೆಯನ್ನು ಆರಿಸಿಕೊಂಡಿದ್ದೇವೆ. ಸಾಹಿತ್ಯ ಚರಿತ್ರೆಯಲ್ಲಿ ಈ ಊರಿನ ಹೆಸರು ಬರುವುದಿಲ್ಲ. ಆರಿಸಿಕೊಳ್ಳಲು ಅದೂ ಒಂದು ಕಾರಣ.

ಕನ್ನಡ ಗ್ರಂಥಗಳಿಗೂ ಮುಂಬಯಿಗೂ ಇರುವ ಸಂಬಂಧ ಆಕಸ್ಮಿಕವಾದುದಲ್ಲ. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಸೇರಿದ್ದವು. ಕರ್ನಾಟಕ ವಿಶ್ವವಿದ್ಯಾಲಯವಾದರೂ 1949ರಲ್ಲಿ ಮೊದಲು ಆರಂಭವಾದದ್ದು ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಸ್ಥಳಾಂತರಗೊಂಡಿತು. 1867ರ ಮುದ್ರಣ ಕಾಯಿದೆಯ ಫಲವಾಗಿ ಮುಂಬಯಿ ಪ್ರಾಂತದಲ್ಲಿ ಅಚ್ಚಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳು ಸಿದ್ಧವಾದವು. ಹತ್ತೊಂಬತ್ತನೆಯ ಶತಮಾನದ ಕನ್ನಡ ಮುದ್ರಣದ ಅಧ್ಯಯನಕ್ಕೆ ಅವು ಇಂದಿಗೂ ಆಧಾರ. 1954ರ ಗ್ರಂಥಾರ್ಪಣ ಕಾಯಿದೆಯ ಮೇರೆಗೆ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿ ಸಲ್ಲಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಮುಂಬಯಿಯ ಟೌನ್ ಹಾಲಿನ ಸೆಂಟ್ರಲ್ ಲೈಬ್ರರಿಯೂ ಒಂದು. ಉಳಿದ ಮೂರು ಕೋಲ್ಕತ್ತ, ಚೆನ್ನೈ ಮತ್ತು ದೆಹಲಿಗಳಲ್ಲಿವೆ. ಹೊರರಾಜ್ಯದ ಸಂಶೋಧಕರು ಈ ನಾಲ್ಕನ್ನೂ ಕನ್ನಡ ಸಂಗ್ರಹಗಳೆಂದು ನೆನೆಯುವುದು ಅಪರೂಪ. ಪ್ರಕಾಶಕರೆಲ್ಲ ಕಾಯಿದೆಯನ್ನು ತಪ್ಪದೆ ಪಾಲಿಸಿದ್ದಾರೆಂದು ನಾವು ಹೇಳುತ್ತಿಲ್ಲ. ಹುಡುಕಬೇಕಾದ ಸ್ಥಳ ಅದೂ ಹೌದು ಎಂದಷ್ಟೇ ನಮ್ಮ ಸೂಚನೆ.

ಕಲೀನಾದ ವಿದ್ಯಾನಗರಿ ಆವರಣದಲ್ಲಿ ಕನ್ನಡ ವಿಭಾಗವೂ ಜವಾಹರಲಾಲ್ ನೆಹರೂ ಗ್ರಂಥಾಲಯವೂ ಇವೆ. ಈ ವಿಭಾಗದ ಆರಂಭಕಾಲದ ಹೊಣೆ ಹೊತ್ತ ಶ್ರೀನಿವಾಸ ಹಾವನೂರರು ಅದಕ್ಕೆ ಮುನ್ನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಗ್ರಂಥಪಾಲರಾಗಿದ್ದವರೆಂಬುದು ಇಲ್ಲಿ ಸ್ಮರಣಾರ್ಹ. 1974ರಲ್ಲಿ ಪ್ರಕಟವಾದ ಅವರ ‘ಹೊಸಗನ್ನಡದ ಅರುಣೋದಯ’ದಲ್ಲಿ ಗ್ರಂಥಪಾಲನ ಶಿಸ್ತು ಪುಟಪುಟಕ್ಕೂ ಕಾಣಿಸುತ್ತದೆ: ಮುದ್ರಣದ ವರ್ಷ, ಅಚ್ಚುಕೂಟ, ಆವೃತ್ತಿ ಇವುಗಳ ಬಗೆಗೆ ಅವರು ತೋರುವ ಎಚ್ಚರ ಅವರಿಗೆ ಮುಂಚಿನ ಸಾಹಿತ್ಯ ಚರಿತ್ರಕಾರರಲ್ಲಿ ವಿರಳ. ವಿಮರ್ಶೆಗೆ ನಾವು ಕೊಡುವ ಗೌರವದ ಒಂದಂಶವನ್ನಾದರೂ ಪಟ್ಟಿ ಮಾಡುವ ಕೆಲಸಕ್ಕೆ ಕೊಟ್ಟಿದ್ದರೆ ಇಂಥವರು ಇನ್ನೂ ಹಲವರು ನಮಗೆ ದೊರೆಯುತ್ತಿದ್ದರು.

ಇನ್ನು ಕಾಮೋಠೆಯ ವಿಷಯ. ರಾಯಗಡ ಜಿಲ್ಲೆಯ ಪನವೇಲ ತಾಲ್ಲೂಕಿಗೆ ಸೇರಿದ ಈ ಊರು 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆ ರೂಪಿಸಿದ ವಸತಿ ನೆಲೆಗಳಲ್ಲೊಂದು; 2016ರಿಂದ ಪನವೇಲ ಮಹಾನಗರಪಾಲಿಕೆಯ ಭಾಗ. 1992ರಲ್ಲಿ ಮಾನಖುರ್ದ್‌ನಿಂದ ವಾಶಿಗೆ ಖಾಡಿಯನ್ನು ದಾಟಿದ ಹಾರ್ಬರ್ ರೈಲುಮಾರ್ಗ 1998ರ ವೇಳೆಗೆ ಪನವೇಲನ್ನು ಮುಟ್ಟಿತು. ಅದರೊಡನೆ ಫೋರ್ಟ್, ಮಾಟುಂಗಾ, ಚೆಂಬೂರುಗಳ ಬಾಡಿಗೆ ಕೋಣೆಗಳಲ್ಲಿ ಜೀವನ ಸಾಗಿಸಿದ ಅನೇಕ ಮಧ್ಯಮವರ್ಗದ ಕುಟುಂಬಗಳು ಈ ಕಡೆಗೆ ಬಂದು ಸ್ವಂತ ಮನೆ ಮಾಡಿಕೊಂಡವು. ಅವುಗಳಲ್ಲಿ ಕನ್ನಡ ಕುಟುಂಬಗಳೂ ಇವೆ. ಕಾಮೋಠೆಯಲ್ಲಿಯೇ ಪರಿಗಣಿತ ವಿಶ್ವವಿದ್ಯಾಲಯವೊಂದಿದೆಯಾದರೂ ಅದು ವೈದ್ಯವಿಜ್ಞಾನಕ್ಕೆ ಮೀಸಲಾದುದು. ಕನ್ನಡದ ಓದುಗನು ಮಾನಸರೋವರ ಅಥವಾ ಖಾಂದೇಶ್ವರ ನಿಲ್ದಾಣದಲ್ಲಿ ರೈಲು ಹತ್ತಿ ಕುರ್ಲಾದಲ್ಲಿ ಇಳಿದು ಕಲೀನಾಕ್ಕೆ ಬಸ್ಸು ಹಿಡಿಯಬೇಕು. ನಿವೃತ್ತರಿಗೆ ಇದು ದಿನನಿತ್ಯದ ಪ್ರಯಾಣವಾಗಲಾರದು. ಗ್ರಂಥಾಲಯದ ಸ್ವಯಂಸೇವೆ ಎಂದೊಡನೆ ಗ್ರಂಥಾಲಯದ ಕಟ್ಟಡದೊಳಗೆ ಮಾಡುವ ಸೇವೆಯೆಂದೇ ಭಾವಿಸುವುದು ರೂಢಿ. ಈ ಭಾವನೆಯನ್ನು ಪುನರ್ವಿಮರ್ಶೆಗೆ ಒಳಪಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ, ಅಪಾಯದಲ್ಲಿರುವ ಪುಸ್ತಕಗಳು ಸದ್ಯಕ್ಕೆ ಕಾಮೋಠೆಯಂಥ ಕಡೆಗಳ ಮನೆಗಳಲ್ಲಿವೆ. ಎರಡು ಕೋಣೆಗಳ ಮನೆಯಲ್ಲಿ ಒಂದು ಕಪಾಟು ಕನ್ನಡ ಪುಸ್ತಕಗಳಿಗೆ ಮೀಸಲು; ಅದನ್ನು ಕೂಡಿಸಿದವರು ವೃದ್ಧರಾಗಿದ್ದಾರೆ ಅಥವಾ ತೀರಿಕೊಂಡಿದ್ದಾರೆ. ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾರೆ. ಶಾಲೆಯಲ್ಲಿ ಕಲಿತದ್ದು ಮರಾಠಿ ಮತ್ತು ಇಂಗ್ಲಿಷ್. ಮನೆ ಬದಲಿಸುವಾಗ ಕಪಾಟಿನ ಪುಸ್ತಕಗಳು ತೂಕದ ಲೆಕ್ಕದಲ್ಲಿ ರದ್ದಿಯಂಗಡಿಗೆ ಹೋಗುತ್ತವೆ. ಇದರಲ್ಲಿ ಯಾರ ಅನಾದರವೂ ಇಲ್ಲ. ಓದಲು ಬಾರದ ಲಿಪಿಯಲ್ಲಿರುವ ಪುಸ್ತಕದಲ್ಲಿ ಯಾವುದು ಅಪರೂಪವಾದುದು, ಯಾವುದು ಎಲ್ಲೆಡೆ ಸಿಗುವಂಥದು ಎಂದು ತಿಳಿಯುವುದಾದರೂ ಹೇಗೆ? ಗ್ರಂಥಾಲಯಕ್ಕೆ ದಾನ ಕೊಡಬೇಕೆಂದು ಮನಸ್ಸು ಮಾಡಿದವರಿಗೂ ಅಲ್ಲಿ ಎದುರಾಗುವ ಮೊದಲ ಪ್ರಶ್ನೆ, ಪಟ್ಟಿಯಿದೆಯೇ ಎಂಬುದು. ಸ್ಥಳದ ಅಭಾವವಿರುವ ಗ್ರಂಥಾಲಯ ಪಟ್ಟಿಯಿಲ್ಲದೆ ಮೂಟೆಗಳನ್ನು ಸ್ವೀಕರಿಸಲಾರದು. ಮನೆಯವರು ಪಟ್ಟಿ ಮಾಡಲಾರರು. ಇವರಿಬ್ಬರ ನಡುವಿನ ಈ ಸಣ್ಣ ಕಂದರದಲ್ಲಿಯೇ ಒಂದು ತಲೆಮಾರಿನ ಸಂಗ್ರಹಗಳು ಮರೆಯಾಗುತ್ತಿವೆ. ಕನ್ನಡ ಓದಬಲ್ಲ, ವಾರದಲ್ಲಿ ಎರಡು ಸಂಜೆಗಳನ್ನು ಕೊಡಬಲ್ಲ ನೆರೆಯವರೊಬ್ಬರು ಸಿಕ್ಕರೆ ಈ ಕಂದರಕ್ಕೆ ಸೇತುವೆಯಾಗುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅತ್ಯಂತ ಉಪಯುಕ್ತವಾದ ಸೇವೆ ಹೀಗೆ ಅದರ ಬಾಗಿಲಿನಿಂದ ಬಹುದೂರದಲ್ಲಿ, ದಾನಿಯ ಮನೆಯಲ್ಲಿಯೇ ನಡೆಯತಕ್ಕದ್ದು.

ಪುಸ್ತಕ ಮನೆಯಿಂದ ಹೊರಡುವ ಮುನ್ನವೇ ಪಟ್ಟಿ ಆಗಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಪುಷ್ಪಿಕೆಯ ಬೆಲೆ ಗೊತ್ತು. ಕಾವ್ಯ ಮುಗಿದ ಮೇಲೆ ಲಿಪಿಕಾರನು ತನ್ನ ಹೆಸರು, ಊರು, ಬರೆಯಿಸಿದವರ ಹೆಸರು, ತಿಥಿ ವಾರಗಳನ್ನು ಬರೆದಿಡುತ್ತಾನೆ. ಒಂದು ಕಾವ್ಯ ಯಾವ ಸೀಮೆಯಲ್ಲಿ, ಯಾರ ಮನೆಗಳಲ್ಲಿ ಓದಲ್ಪಡುತ್ತಿತ್ತೆಂಬುದು ತಿಳಿಯುವುದು ಅಲ್ಲಿಂದ. ಅಚ್ಚಾದ ಪುಸ್ತಕಕ್ಕೂ ಇಂಥ ಪುಷ್ಪಿಕೆಯೊಂದು ಉಂಟು. ಒಳರಟ್ಟಿನ ಮೇಲೆ ರಾತ್ರಿಶಾಲೆಯ ಮೊಹರು, ಬಹುಮಾನವಾಗಿ ಕೊಟ್ಟ ವರ್ಷ, ಸಂಘದ ವಾಚನಾಲಯದ ಚೀಟಿ, ಕೊಂಡ ಅಂಗಡಿಯ ಹೆಸರು, ಗೆಳೆಯನ ಸಹಿ ಇವೆಲ್ಲ ಅದರೊಳಗೆ ಸೇರುತ್ತವೆ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಿದ ಕರಾವಳಿಯ ತರುಣರ ಕೈಗೆ ಯಾವ ಪುಸ್ತಕಗಳು ಬಂದವೆಂಬುದನ್ನು ತಿಳಿಯಲು ಈ ಮೊಹರುಗಳಷ್ಟು ನೇರವಾದ ಸಾಕ್ಷ್ಯ ಬೇರೆ ಸಿಗುವುದು ಕಷ್ಟ. ಹೊಸ ರಟ್ಟು ಕಟ್ಟಿಸಿದೊಡನೆ ಅದು ಅಳಿದುಹೋಗುತ್ತದೆ. ‘ಶಿಕಾರಿ’ಯ ಪ್ರತಿಗಳು ಬಹಳ ಕಡೆ ಸಿಗಬಹುದು, ಆದರೆ ಅದು ಹೊರಬಂದ 1979ರಲ್ಲಿಯೇ ಮುಂಬಯಿಯ ಓದುಗನೊಬ್ಬ ಕೊಂಡು ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟ ಪ್ರತಿ ಇದ್ದರೆ ಅದು ಒಂದೇ. ಸ್ವಯಂಸೇವಕನು ಇದನ್ನು ಒಂದು ಸಾಲಿನಲ್ಲಾದರೂ ಪಟ್ಟಿಯಲ್ಲಿ ನಮೂದಿಸಬೇಕು.

ಇಂಥ ಸೇವೆಗೆ ನಮ್ಮ ಪರಂಪರೆಯಲ್ಲಿ ಶಾಸ್ತ್ರದಾನವೆಂಬ ಹೆಸರಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಸುಪ್ರಸಿದ್ಧ. ಸ್ವಯಂಸೇವೆಯ ಕುರಿತು ಮಾತನಾಡುವವರೆಲ್ಲ ಅವಳನ್ನು ನೆನೆಯುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಸಾಕ್ಷ್ಯವನ್ನು ಮಾತ್ರ ಅವರು ಮರೆಯುತ್ತಾರೆ. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗಳ, ಎಂದರೆ ಗ್ರಂಥಪಾಲರ, ಉಲ್ಲೇಖವಿದೆ. ಅಧ್ಯಾಪಕರಿಗೆ ಬಿಟ್ಟಂತೆ ಅವರ ಜೀವನಕ್ಕೂ ಭೂಮಿಯನ್ನು ಬಿಡಲಾಗಿದೆ. ಬರೆಯಿಸಿ ಹಂಚುವುದು ದಾನದಿಂದ ಆಗಬಹುದು, ಕಾಯುವುದಕ್ಕೆ ವೃತ್ತಿ ಬೇಕು ಎಂಬ ವಿವೇಕ ಹನ್ನೊಂದನೆಯ ಶತಮಾನದವರಿಗಿತ್ತು. ಖಾಲಿ ಬಿದ್ದ ಗ್ರಂಥಪಾಲಕ ಹುದ್ದೆಗಳನ್ನು ಸ್ವಯಂಸೇವಕರಿಂದ ತುಂಬಿಸಬಹುದೆಂಬ ಆಲೋಚನೆ ಎಲ್ಲಿಯಾದರೂ ತಲೆದೋರಿದರೆ ಈ ಶಾಸನವನ್ನು ತೋರಿಸಬೇಕು. ವರ್ಗೀಕರಣ, ಪ್ರತಿಗಳ ವಿಲೇವಾರಿ, ಸಂರಕ್ಷಣೆ ಇವು ತರಬೇತಿ ಪಡೆದವರ ಹೊಣೆ. ಎರಡು ಪ್ರತಿಗಳಲ್ಲಿ ಒಂದನ್ನು ಹೊರಹಾಕುವ ತೀರ್ಮಾನವನ್ನು ಸ್ವಯಂಸೇವಕನು ಕೈಗೊಳ್ಳಲೇಬಾರದು. ಆವೃತ್ತಿ ಬೇರೆಯಾಗಿದ್ದೀತು, ಮುನ್ನುಡಿ ಬೇರೆಯಾಗಿದ್ದೀತು.

ಆದರೆ ಲಿಪಿಯ ವಿಷಯ ಬಂದಾಗ ತರಬೇತಿಯೊಂದೇ ಸಾಲದು. ಕನ್ನಡೇತರ ರಾಜ್ಯದ ಗ್ರಂಥಾಲಯದಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಇಲ್ಲದಿರುವುದು ಸಹಜ, ಅಲ್ಲಿ ಶೀರ್ಷಿಕೆಗಳು ರೋಮನ್ ಅಕ್ಷರಗಳಿಗೆ ಇಳಿಯುತ್ತವೆ. ಹ್ರಸ್ವ ದೀರ್ಘಗಳ ಭೇದ, ಲಕಾರ ಳಕಾರಗಳ ಭೇದ, ನಕಾರ ಣಕಾರಗಳ ಭೇದ ಒಟ್ಟಿಗೆ ಮಾಯವಾಗುತ್ತವೆ. ‘ಹಳ್ಳಿ’ ಮತ್ತು ‘ಹಲ್ಲಿ’ ಒಂದೇ ಆಗುತ್ತವೆ. ‘ಕಲೆ’, ‘ಕಳೆ’ಗಳೂ ಅಷ್ಟೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಕನ್ನಡ ಪುಸ್ತಕಗಳನ್ನು ಅಂಕೀಕರಿಸಿ ಎಲ್ಲರಿಗೂ ತೆರೆದಿಟ್ಟಿತು. ಬೀದರ, ಕಲಬುರಗಿ, ರಾಯಚೂರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದನ್ನು ನೆನೆದರೆ ಆ ಸಂಗ್ರಹದ ಮಹತ್ವ ತಿಳಿಯುತ್ತದೆ. ಆದರೆ ಸೂಚಿ ರೋಮನ್ ಲಿಪಿಯಲ್ಲಿದ್ದುದರಿಂದ ಕನ್ನಡದಲ್ಲಿ ಹುಡುಕಿದವರಿಗೆ ಪುಸ್ತಕ ಸಿಗುತ್ತಿರಲಿಲ್ಲ. 2010ರ ದಶಕದಲ್ಲಿ ‘ಸಂಚಯ’ದ ತರುಣರು ಈ ಶೀರ್ಷಿಕೆಗಳನ್ನೂ ಭಾರತದ ಡಿಜಿಟಲ್ ಲೈಬ್ರರಿಯ ಕನ್ನಡ ಶೀರ್ಷಿಕೆಗಳನ್ನೂ ‘ಸಮೂಹ ಸಂಚಯ’ವೆಂಬ ವ್ಯವಸ್ಥೆಯ ಮೂಲಕ ಸ್ವಯಂಸೇವಕರ ಮುಂದಿಟ್ಟರು. ಒಬ್ಬೊಬ್ಬರು ತಮಗೆ ಬಿಡುವಾದಷ್ಟು ಹೆಸರುಗಳನ್ನು ಕನ್ನಡ ಲಿಪಿಗೆ ತಂದರು. ಅವರಲ್ಲಿ ಯಾರೂ ಅದಕ್ಕಾಗಿ ಹೈದರಾಬಾದಿಗೆ ಹೋಗಬೇಕಾಗಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯವೊಂದಕ್ಕೆ ಕನ್ನಡಿಗರು ಸಲ್ಲಿಸಿದ ಸ್ವಯಂಸೇವೆಯಲ್ಲಿ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾವು ಕಾಣೆವು. ವಿದ್ವಾಂಸರೆನಿಸಿಕೊಂಡ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಗಮನಿಸಿದರು ಎಂಬುದು ಬೇರೆ ಮಾತು.

ಕಾಮೋಠೆಯ ಸ್ವಯಂಸೇವಕನಿಗೆ ಬೇಕಾದ ಸಿದ್ಧತೆ ಹೆಚ್ಚಿನದಲ್ಲ. ಶೀರ್ಷಿಕೆಯನ್ನು ಮುಖಪುಟದಿಂದಲ್ಲದೆ ಒಳಗಿನ ಶೀರ್ಷಿಕೆಪುಟದಿಂದ ಬರೆದುಕೊಳ್ಳಬೇಕು. ಎರಡೂ ಬೇರೆಯಾಗಿರುವುದು ಕನ್ನಡದಲ್ಲಿ ಸಾಮಾನ್ಯ. ಕಾವ್ಯನಾಮವಿದ್ದಲ್ಲಿ ಅದನ್ನೇ ಬರೆದು, ನಿಜನಾಮ ತಿಳಿದಿದ್ದರೆ ಜೊತೆಗೆ ಸೇರಿಸಬೇಕು: ಶ್ರೀರಂಗ ಎಂದೊಂದು ಕಡೆ, ಆದ್ಯ ರಂಗಾಚಾರ್ಯ ಎಂದೊಂದು ಕಡೆ, ಆನಂದಕಂದ ಎಂದೊಂದು ಕಡೆ, ಬೆಟಗೇರಿ ಕೃಷ್ಣಶರ್ಮ ಎಂದೊಂದು ಕಡೆ ಇದ್ದರೆ ಹುಡುಕುವವರು ಅರ್ಧವನ್ನಷ್ಟೇ ಕಾಣುತ್ತಾರೆ. ಹಳೆಯ ಪುಸ್ತಕಗಳಲ್ಲಿ ವರ್ಷದ ಬದಲು ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಪ್ರಭವ ಎಂದಿದ್ದರೆ ಅದು 1927-28 ಆಗಬಹುದು, 1987-88 ಆಗಬಹುದು. ಕಾಗದ, ಬೆಲೆ, ಅಚ್ಚುಕೂಟದ ಹೆಸರು ನೋಡಿ ನಿರ್ಧರಿಸಬೇಕು. ಶಕವರ್ಷವಿದ್ದರೆ 78 ಕೂಡಿಸಿದರಾಯಿತು. ಇಂಥ ಕೆಲಸದಲ್ಲಿ ಪಂಚಾಂಗ ಬಲ್ಲ ಹಿರಿಯರೊಬ್ಬರು ಗ್ರಂಥಾಲಯ ವಿಜ್ಞಾನದ ಪದವೀಧರನಿಗಿಂತ ಚುರುಕು. ಬೆಲೆಯನ್ನು ಆಣೆ ಪೈಗಳಲ್ಲಿ ಕೊಟ್ಟಿದ್ದರೆ ಹಾಗೆಯೇ ಬರೆಯುವುದು ಒಳ್ಳೆಯದು; ದಶಮಾನ ನಾಣ್ಯ ಬಂದದ್ದು 1957ರಲ್ಲಾದ್ದರಿಂದ ಕಾಲನಿರ್ಣಯಕ್ಕೆ ಅದೂ ನೆರವಾದೀತು.

ಪಟ್ಟಿಯನ್ನು ಗಣಕದಲ್ಲಿ ಸಿದ್ಧಪಡಿಸುವುದಾದರೆ ಯುನಿಕೋಡ್ ಶಿಷ್ಟತೆಯಲ್ಲಿಯೇ ಬೆರಳಚ್ಚು ಮಾಡಬೇಕು. ಹಿಂದಿನ ವಿಶಿಷ್ಟ ಅಕ್ಷರವಿನ್ಯಾಸಗಳಲ್ಲಿ ಮಾಡಿದ ಎಷ್ಟೋ ಪಟ್ಟಿಗಳು ಇಂದು ತೆರೆದರೆ ಅರ್ಥವಾಗದ ಚಿಹ್ನೆಗಳಾಗಿ ಕಾಣಿಸುತ್ತವೆ. ಕೊಹಾ, ಸೋಲ್ ಮೊದಲಾದ ಗ್ರಂಥಾಲಯ ತಂತ್ರಾಂಶಗಳು ಕನ್ನಡ ಲಿಪಿಯನ್ನು ಸ್ವೀಕರಿಸುತ್ತವೆಯಾದ್ದರಿಂದ ಒಮ್ಮೆ ಸರಿಯಾಗಿ ಮಾಡಿದ ಪಟ್ಟಿಯನ್ನು ಗ್ರಂಥಪಾಲರು ಮತ್ತೆ ಬೆರಳಚ್ಚು ಮಾಡಿಸಬೇಕಾಗುವುದಿಲ್ಲ. ಪಟ್ಟಿ ಮಾಡುವುದಕ್ಕೆ ಹಕ್ಕುಸ್ವಾಮ್ಯದ ತಡೆಯಿಲ್ಲ. ಪುಟಗಳನ್ನು ಅಂಕೀಕರಿಸಿ ಹಂಚುವುದಕ್ಕೆ ಇದೆ, ಲೇಖಕನು ತೀರಿಕೊಂಡ ಅರವತ್ತು ವರ್ಷಗಳ ವರೆಗೆ. ಪಟ್ಟಿಯ ಒಂದು ಪ್ರತಿ ಮನೆಯವರಲ್ಲಿ ಉಳಿಯಲಿ, ಒಂದು ಗ್ರಂಥಾಲಯಕ್ಕೆ ಹೋಗಲಿ, ಒಂದು ಕನ್ನಡ ವಿಭಾಗಕ್ಕೆ ಸೇರಲಿ. ಗ್ರಂಥಾಲಯ ಕೆಲವನ್ನೇ ಆರಿಸಿಕೊಂಡು ಉಳಿದವನ್ನು ಬಿಟ್ಟರೂ ಆ ಮನೆಯಲ್ಲಿ ಏನೇನಿತ್ತೆಂಬುದು ದಾಖಲೆಯಲ್ಲಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆಯಲ್ಲಿ ಪುಸ್ತಕ ಸಾಗಿಸುವುದು ಬೇಡ. ಆ ನಾಲ್ಕು ತಿಂಗಳು ಪಟ್ಟಿಯ ಕೆಲಸಕ್ಕೆ ಅನುಕೂಲ, ದೀಪಾವಳಿಯ ನಂತರ ಸಾಗಣೆ.

ಹೊರರಾಜ್ಯಗಳ ಸಂಶೋಧಕರಲ್ಲಿ ಕೊನೆಯದಾಗಿ ಒಂದು ವಿನಂತಿ. ಮುಂಬಯಿಯ ಗ್ರಂಥಾಲಯಕ್ಕೋ ಇಂಥ ಸ್ವಯಂಸೇವಕರಿಗೋ ಪತ್ರ ಬರೆಯುವಾಗ ಬೇಕಾದ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿಯೂ, ರೋಮನ್ ಲಿಪಿಯಲ್ಲಿ ಅದು ಪಡೆದಿರಬಹುದಾದ ಎರಡು ಮೂರು ರೂಪಗಳಲ್ಲಿಯೂ ಕೊಡಬೇಕು. ಲೇಖಕರ ನಿಜನಾಮ, ಕಾವ್ಯನಾಮ, ಇಷ್ಟಾಕ್ಷರಗಳನ್ನು ಬಿಡಿಸಿ ಬರೆಯಬೇಕು. ಯಾವ ಆವೃತ್ತಿ ಬೇಕೆಂಬುದನ್ನು ಹೇಳದಿದ್ದರೆ ಕೈಗೆ ಸಿಕ್ಕ ಆವೃತ್ತಿಯ ಸಮಾಚಾರವೇ ಬರುತ್ತದೆ.