ಊರಿನ ರಜೆಗೆ ಮುನ್ನ ನಮ್ಮ ಮುಂಬಯಿಯನ್ನೂ ನೋಡೋಣ

ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ ಕನ್ನಡಿಗರಾದ ನಮಗೆ ಊರಿನದೇ ಧ್ಯಾನ. ಉಳಿದ ಹನ್ನೊಂದು ತಿಂಗಳು ಲೋಕಲ್ ರೈಲು, ಕಚೇರಿ, ಮನೆ. ದುಡಿಯಲು ಮುಂಬಯಿ, ಸಂತೋಷಕ್ಕೆ ಊರು ಎಂಬುದು ನಮ್ಮ ಲೆಕ್ಕಾಚಾರ.

ನಾನೂ ಇದಕ್ಕೆ ಹೊರತಾಗಿರಲಿಲ್ಲ. ಹಗಲು ಫೋರ್ಟ್‌ನ ಹೋಟೇಲೊಂದರ ಗಲ್ಲಾ ನೋಡಿಕೊಳ್ಳುತ್ತಾ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದವನು. ಬೊರಿವಲಿಯಲ್ಲಿ ಸಂಸಾರ ಹೂಡಿ ಇಪ್ಪತ್ತೈದು ವರ್ಷಗಳಾದರೂ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದೆ. "ನಿವೃತ್ತಿಯಾದ ಮೇಲೆ ಎಲ್ಲಾ ನೋಡುವ" ಎಂದು ಮನೆಯಾಕೆಗೆ ಹೇಳುತ್ತಲೇ ಬಂದೆ. ಕಳೆದ ಮಳೆಗಾಲದ ಒಂದು ಭಾನುವಾರ ಅವಳು, "ಅಷ್ಟೊತ್ತಿಗೆ ನನ್ನ ಮೊಣಗಂಟು ಮೆಟ್ಟಿಲು ಹತ್ತುತ್ತದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿಯೇ ಬಿಟ್ಟಳು. ಉತ್ತರವಿರಲಿಲ್ಲ. ಅಂದೇ ಹೊರಟೆವು.

ಉದ್ಯಾನದೊಳಗಿನ ಕಾನ್ಹೇರಿ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಮಳೆನೀರು ಹಿಡಿಯಲು ಭಿಕ್ಷುಗಳು ಕಪ್ಪು ಬಂಡೆಯಲ್ಲೇ ಕೊರೆಸಿದ ಕಾಲುವೆ, ತೊಟ್ಟಿಗಳು ಅಂದು ತುಂಬಿ ಹರಿಯುತ್ತಿದ್ದವು. ಇಲ್ಲಿಯ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ಆತನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದ ಕಾಲವದು. ಯಾರ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತೆಂದು ಶಾಲೆಯಲ್ಲಿ ಓದಿದ್ದೆನೋ, ಆ ನೃಪತುಂಗನ ಹೆಸರು ನಮ್ಮ ಮನೆಯ ಹಿಂದಿನ ಬೆಟ್ಟದಲ್ಲೇ ಇದೆಯೆಂದು ತಿಳಿಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು!

ಅಂದಿನಿಂದ ಋತುವಿಗೊಂದು ಭಾನುವಾರವನ್ನು ಮುಂಬಯಿಗಾಗಿಯೇ ಮೀಸಲಿಟ್ಟಿದ್ದೇವೆ. ಸೆಪ್ಟೆಂಬರ್ 8ರ ನಂತರದ ಭಾನುವಾರ ಬಾಂದ್ರಾದಲ್ಲಿ ಮೌಂಟ್ ಮೇರಿ ಜಾತ್ರೆ ಆರಂಭವಾಗುತ್ತದೆ. ಅಲ್ಲಿ ಮಾರುವ ಕೈ, ಕಾಲು, ಮನೆಯ ಆಕಾರದ ಮೇಣದ ಹರಕೆಗಳನ್ನು ಕಂಡಾಗ ನಮ್ಮೂರ ದೇವಸ್ಥಾನದ ಬೆಳ್ಳಿಯ ಹರಕೆಗಳು ನೆನಪಾದವು. ಚಳಿಗಾಲದಲ್ಲಿ ಠಾಣೆ ಖಾಡಿಗೆ ಸಾವಿರಾರು ಫ್ಲೆಮಿಂಗೊ ಹಕ್ಕಿಗಳು ಬಂದಿಳಿದು ಬೇಸಿಗೆಯವರೆಗೂ ಇರುತ್ತವೆ. 2015ರಲ್ಲಿ ಈ ಖಾಡಿಯನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ದಡದಿಂದ ನೋಡುವವರು ಸಮುದ್ರದ ಇಳಿತದ ಸಮಯ ತಿಳಿದುಕೊಂಡು ಹೋಗಬೇಕು. ಹಕ್ಕಿಗಳು ಆಹಾರ ಹುಡುಕಿ ಕೆಸರಿಗಿಳಿಯುವುದು ಆಗಲೇ. ಇನ್ನು ನಾನು ಗಲ್ಲಾದಲ್ಲಿ ಕುಳಿತಿದ್ದ ಫೋರ್ಟ್‌ನಲ್ಲಿ 1999ರಲ್ಲಿ ಆರಂಭವಾದ ಕಾಲಾ ಘೋಡಾ ಕಲೋತ್ಸವ ಚಳಿಗಾಲದ ಕೊನೆಗೆ ನಡೆಯುತ್ತದೆ. ಬೀದಿಯೇ ರಂಗಮಂದಿರವಾಗುವ ಆ ಸೊಬಗನ್ನು ನೋಡಿಯೇ ತಿಳಿಯಬೇಕು.

ಇವುಗಳಿಗೆ ದೊಡ್ಡ ಖರ್ಚಿಲ್ಲ. ರೈಲಿನ ಪಾಸು, ಡಬ್ಬಿಯಲ್ಲಿ ಅವಲಕ್ಕಿ, ನೀರಿನ ಬಾಟಲಿ ಸಾಕು. ಕಾನ್ಹೇರಿಗೆ ಸೋಮವಾರ ರಜೆ ಎಂಬುದು ನೆನಪಿರಲಿ.

ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಸದಸ್ಯರನ್ನು ದೂರದ ರೆಸಾರ್ಟಿಗೆ ವಿಹಾರಕ್ಕೆ ಕರೆದೊಯ್ಯುವುದುಂಟು. ಒಂದು ವರ್ಷ ಆ ಬಸ್ಸು ಕಾನ್ಹೇರಿಯ ಬುಡದಲ್ಲಿ ನಿಲ್ಲಲಿ. ಇತಿಹಾಸ ಬಲ್ಲ ಸದಸ್ಯರೊಬ್ಬರು ನಮ್ಮ ಮಕ್ಕಳಿಗೆ ಅಮೋಘವರ್ಷನ ಕಥೆ ಹೇಳಲಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಊರಷ್ಟೇ ಈ ನಗರವೂ ತಮ್ಮದೆನಿಸಬೇಕಲ್ಲವೇ?

ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಅಲ್ಲಿಯವರೆಗೆ ಕಾಯುವುದನ್ನು ನಾವಿಬ್ಬರೂ ಬಿಟ್ಟಿದ್ದೇವೆ. ಮನೆಯಾಕೆ ಈಗ ಮೊಣಗಂಟಿಗೆ ಪಟ್ಟಿ ಬಿಗಿದುಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಾಳೆ.